ಕಿವಿಗೊಂದು ಸುಣ್ಣದ ಗೀಟು

ಇದು ಆಗುವ ಮಾತಲ್ಲ ಎಂದವರು ಇಬ್ಬರು. ಒಬ್ಬಳು ನನ್ನ ಅಕ್ಕ ಪಾರ್ವತಿ. "ಕೈಗೆ ಸಂಬಳ ಕೊಡ್ತಾರೆ, ಕಾಲಿಗೆ ಕೊಡ್ತಾರೆ, ತಲೆ ಇದ್ರೆ ತಲೆಗೂ ಕೊಡ್ತಾರೆ. ಕಿವಿಗೆ ಯಾವನೋ ಸಂಬಳ ಕೊಡ್ತಾನೆ?" ಎಂದು ಮಡಕೆ ಜೋಡಿಸುತ್ತಲೇ ನಕ್ಕಿದ್ದಳು. ಇನ್ನೊಬ್ಬರು ನನ್ನ ಮೊದಲ ಮೇಲಧಿಕಾರಿ ಸುಲೋಚನಾ ಮೇಡಂ. ಅವರು ನಗಲಿಲ್ಲ. "ಗೋವಿಂದರಾಜು, ನೀವು ಓದಿರೋದು ಬರೀ ಸಂಜೆ ಕಾಲೇಜಿನ ಬಿ.ಎ.; ಸಾಮಾನು ಹೊರೋಕೆ, ಕ್ಯಾಸೆಟ್ ಜೋಡಿಸೋಕೆ ಇರಿ. ಹಕ್ಕಿ ದನಿ ಎಣಿಸೋದು ನಿಮ್ಮಿಂದ ಆಗಲ್ಲ" ಎಂದು ಮುಖಕ್ಕೇ ಹೇಳಿದರು.

ಆ ಕೆಲಸವನ್ನೇ ಮೂವತ್ತೊಂದು ವರ್ಷ ಮಾಡಿ ಹೋದ ವರ್ಷ ನಿವೃತ್ತನಾದೆ. ಕೆಲಸ ಏನೆಂದು ಕೇಳಿದವರಿಗೆಲ್ಲ ಒಂದೇ ಮಾತಿನಲ್ಲಿ ಹೇಳುತ್ತಿದ್ದೆ: ಬೆಳಿಗ್ಗೆ ಎದ್ದು ಸುಮ್ಮನೆ ನಿಲ್ಲುವುದು. ಕೆರೆಯ ದಂಡೆಯಲ್ಲಿ, ರಸ್ತೆ ಬದಿಯ ಮರದ ಕೆಳಗೆ, ಮೊದಲೇ ಗೊತ್ತು ಮಾಡಿದ ಜಾಗದಲ್ಲಿ ಹತ್ತು ನಿಮಿಷ ಅಲುಗಾಡದೆ ನಿಂತು, ಕೇಳಿಸಿದ ಪ್ರತಿ ಹಕ್ಕಿಯನ್ನೂ ಹಾಳೆಯ ಮೇಲೆ ಬರೆಯಬೇಕು. ಎಲೆಯ ಮರೆಯ ಹಕ್ಕಿ ಕಣ್ಣಿಗೆ ಬೀಳುವುದು ಕಡಿಮೆ. ಕಿವಿಗೆ ಮಾತ್ರ ಅದು ತಪ್ಪಿಸಿಕೊಳ್ಳಲಾರದು. ಹೀಗೆ ವರ್ಷ ವರ್ಷ ಬರೆದರೆ ಯಾವ ಹಕ್ಕಿ ಹೆಚ್ಚಾಯಿತು, ಯಾವುದು ಊರು ಬಿಟ್ಟಿತು ಎಂದು ತಿಳಿಯುತ್ತದೆ.

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಕುರ್ಚಿ ಯಾವಾಗ ಬದಲಾಯಿತು ಎನ್ನುವುದರಿಂದ ನಿಮಗೇನೂ ಆಗಬೇಕಾಗಿಲ್ಲ. ಆದರೆ ನಿವೃತ್ತಿಗೆ ಇನ್ನೆರಡು ವರ್ಷವಿರುವಾಗ ಒಂದು ಭಾನುವಾರ, ನಾನು ಅಷ್ಟು ವರ್ಷ ಬರೆದ ಹಾಳೆಗಳು ಉಳಿಯುತ್ತವೋ ರದ್ದಿಗೆ ಹೋಗುತ್ತವೋ ಎನ್ನುವ ಪರಿಸ್ಥಿತಿ ಬಂತು. ತಪ್ಪು ನನ್ನದೇ. ಅದನ್ನು ಹೇಳದೆ ಉಳಿದದ್ದನ್ನೆಲ್ಲ ಹೇಳಿದರೆ ಮೋಸವಾಗುತ್ತದೆ.

ನಮ್ಮದು ಬೆಂಗಳೂರಿನ ಪಾಟರಿ ಟೌನಿನ ಕುಂಬಾರರ ಮನೆ. ದಂಡು ರೈಲು ಸ್ಟೇಷನ್ನಿಗೆ ಹತ್ತಿರ. ಅಪ್ಪ ಚಕ್ರ ತಿರುಗಿಸುತ್ತಿದ್ದ, ಅಕ್ಕ ಮಾರುತ್ತಿದ್ದಳು. ಆವಿಗೆಯಿಂದ ತೆಗೆದ ಪ್ರತಿ ಮಡಕೆಯನ್ನೂ ಬೆರಳ ಗಣ್ಣಿನಿಂದ ತಟ್ಟಿ ಕೇಳುವುದು ನಮ್ಮ ಮನೆಯ ಮಕ್ಕಳ ಕೆಲಸ. ಚೆನ್ನಾಗಿ ಬೆಂದದ್ದು ಣಂ ಎನ್ನುತ್ತದೆ, ಆ ದನಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಕೂದಲೆಳೆಯ ಬಿರುಕಿದ್ದರೂ ದನಿ ಅರ್ಧಕ್ಕೇ ಮುರಿಯುತ್ತದೆ. ಬಿರುಕಿದ್ದದ್ದನ್ನು ಎಸೆಯುವ ಹಾಗಿಲ್ಲ. ಬಿರುಕು ಇರುವ ಕಡೆ ಸುಣ್ಣದಲ್ಲಿ ಒಂದು ಗೀಟು ಎಳೆದು ಬೇರೆ ಸಾಲಿನಲ್ಲಿ ಇಡುತ್ತಿದ್ದೆವು. ಗಿಡ ನೆಡುವವರು ಅದನ್ನು ಕೊಳ್ಳುತ್ತಿದ್ದರು. ಗೀಟು ಎಳೆಯದೆ ನೀರಿನ ಮಡಕೆಗಳ ಸಾಲಿಗೆ ಸೇರಿಸಿದರೆ ಅಕ್ಕ ಕಿವಿ ಹಿಂಡುತ್ತಿದ್ದಳು. ನನ್ನ ಕಿವಿ ಬೆಳೆದದ್ದು ಹೀಗೆ, ಎರಡು ರೀತಿಯಲ್ಲಿ.

ನಮ್ಮ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲಿಗ ನಾನು. ಹಗಲು ಅಂಗಡಿ, ಸಂಜೆ ಕಾಲೇಜು. ಶಿವಾಜಿನಗರದ ಬಸ್ ನಿಲ್ದಾಣದ ಗದ್ದಲದಲ್ಲಿ ಕೂತು ನೋಟ್ಸ್ ಬಾಯಿಪಾಠ ಮಾಡಿ ಬಿ.ಎ. ಮುಗಿಸಿದೆ. ಎರಡು ಸಲ ಇಂಗ್ಲಿಷಿನಲ್ಲಿ ನಪಾಸಾದೆ, ಮೂರನೇ ಸಲ ಪಾಸಾದೆ. ಅದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ನಾಚಿಕೆಯಾಗಿಲ್ಲ.

ಸುಲೋಚನಾ ಮೇಡಂ ನಮ್ಮ ಅಂಗಡಿಗೆ ಬಂದದ್ದು ಬಾನಿ ಕೊಳ್ಳಲು. ಇಂದಿರಾನಗರದಲ್ಲಿ ಒಂದು ಮನೆಯ ಮಹಡಿಯ ಎರಡು ಕೋಣೆಯಲ್ಲಿ ಹಕ್ಕಿಗಳ ಅಧ್ಯಯನ ಮಾಡುವ ಸಣ್ಣ ಸಂಸ್ಥೆ ಅವರದು. ತಾರಸಿಯಲ್ಲಿ ಹಕ್ಕಿಗಳಿಗೆ ನೀರಿಡಲು ಅಗಲ ಬಾಯಿಯ ಬಾನಿ ಬೇಕಿತ್ತು. ಒಂದನ್ನು ಆರಿಸಿದರು. ನಾನು ತಟ್ಟಿ ನೋಡಿ, "ಇದು ಬೇಡ ಮೇಡಂ, ಬಿರುಕಿದೆ" ಎಂದೆ.

ಅವರು ತಿರುಗಿಸಿ ನೋಡಿದರು. ಕನ್ನಡಕ ತೆಗೆದು ನೋಡಿದರು. "ಎಲ್ಲಿದೆ? ನಂಗೇನೂ ಕಾಣ್ತಿಲ್ಲ."

"ಕಾಣಲ್ಲ ಮೇಡಂ. ಕೇಳುತ್ತೆ."

ನಂಬದೆ ಅದನ್ನೇ ಒಯ್ದರು. ಮೂರನೇ ದಿನ ಬಾನಿಯನ್ನು ಆಟೋದಲ್ಲಿಟ್ಟುಕೊಂಡು ವಾಪಸ್ ಬಂದರು. ತಳ ಒದ್ದೆ. ಬೈಯಲು ಬಂದಿದ್ದಾರೆ ಎಂದುಕೊಂಡೆ. ಅವರು ಕೇಳಿದ್ದು, "ಏನು ಓದಿದ್ದೀರಿ?" ಎಂದು. ಹೀಗೆ ಸಾಮಾನು ಹೊರುವ ಕೆಲಸ ಸಿಕ್ಕಿತು. ಅದರ ಜೊತೆಗೇ, ಮೇಲೆ ಹೇಳಿದ ಆ ಮಾತೂ ಸಿಕ್ಕಿತು.

ಒಂದು ವರ್ಷ ಹೊತ್ತೆ. ಆಗಿನ ರೆಕಾರ್ಡರು ಇಟ್ಟಿಗೆಯಷ್ಟು ಭಾರ. ಮೇಡಂ ಹಾಳೆಯಲ್ಲಿ ಬರೆಯುವಾಗ ಪಕ್ಕದಲ್ಲಿ ಅದೂ ಓಡುತ್ತಿರಬೇಕು ಎನ್ನುವುದು ಅವರ ಕಟ್ಟಪ್ಪಣೆ. "ಹಾಳೆಗೆ ಸಾಕ್ಷಿ ಇರ್ಬೇಕು" ಎನ್ನುತ್ತಿದ್ದರು. ಆ ಕಟ್ಟಪ್ಪಣೆಯೇ ಎಷ್ಟೋ ವರ್ಷಗಳ ಮೇಲೆ ನನ್ನನ್ನು ಕಾಪಾಡೀತು ಎಂದು ಆಗ ಗೊತ್ತಿರಲಿಲ್ಲ. ನಾನು ರೆಕಾರ್ಡರು ಹಿಡಿದು ನಿಂತಷ್ಟು ಹೊತ್ತೂ ಕೇಳಿದ್ದನ್ನೆಲ್ಲ ಕ್ಯಾಸೆಟ್ಟಿನ ಹೊದಿಕೆಯ ಹಿಂದೆ ಕನ್ನಡ ಅಕ್ಷರದಲ್ಲಿ ಗೀಚುತ್ತಿದ್ದೆ: ಕುಟ್ರು ಕುಟ್ರು, ಟುವ್ವಿ ಟುವ್ವಿ, ಟೊಂಕ್ ಟೊಂಕ್. ಒಂದು ದಿನ ಕಚೇರಿಯಲ್ಲಿ ಕ್ಯಾಸೆಟ್ಟುಗಳ ಹೆಸರು ಅದಲುಬದಲಾಗಿ ಯಾವುದು ಯಾವ ಜಾಗದ್ದೆಂದು ತಿಳಿಯದೆ ಮೇಡಂ ತಲೆ ಹಿಡಿದುಕೊಂಡು ಕೂತರು. ಒಂದೊಂದಾಗಿ ಹಾಕಲು ಹೇಳಿದೆ.

"ಇದು ಹಲಸೂರು ಕೆರೆ, ಮೂರನೇ ಜಾಗ. ಗುರುದ್ವಾರದ ಕಡೆಯಿಂದ ಗಿಣಿಗಳು ದಾಟ್ತಿವೆ, ಕೇಳಿ. ಇದು ಕೆ.ಆರ್. ಪುರ. ಇದು ಮತ್ತೆ ಹಲಸೂರು, ಆದ್ರೆ ಎರಡನೇ ಜಾಗ. ಪಿಕಳಾರ ಹತ್ರ ಇದೆ, ನೀರುಕಾಗೆ ದೂರ ಇದೆ."

ಮೇಡಂ ಕ್ಯಾಸೆಟ್ಟು ನಿಲ್ಲಿಸಿ ಕಿಟಕಿಯ ಕಡೆ ತಿರುಗಿದರು. ತಪ್ಪೊಪ್ಪಿಕೊಳ್ಳುವುದು ಅವರ ಜಾಯಮಾನವಲ್ಲ. "ನಾಳೆಯಿಂದ ಪೆನ್ಸಿಲ್ ನೀವು ಹಿಡೀರಿ" ಎಂದಷ್ಟೇ ಹೇಳಿದರು.

ಅವರು ಕಲಿಸಿದ ಕ್ರಮ ವಿಚಿತ್ರ. ಹಕ್ಕಿ ನೋಡುವವರೆಲ್ಲ ತಲೆ ಎತ್ತಿ ನಿಂತರೆ, ನಮ್ಮನ್ನು ತಲೆ ತಗ್ಗಿಸಿ ನಿಲ್ಲಿಸುತ್ತಿದ್ದರು. ಕಣ್ಣು ಕಾಲಿನ ಹೆಬ್ಬೆರಳ ಮೇಲೆ. ಕಣ್ಣು ಒಂದು ಹಕ್ಕಿಯನ್ನು ಹಿಡಿದರೆ ಕಿವಿ ಉಳಿದ ಹತ್ತನ್ನು ಬಿಟ್ಟುಬಿಡುತ್ತದೆ ಎನ್ನುವುದು ಅವರ ಲೆಕ್ಕ. ಮೊದಲ ಒಂದು ನಿಮಿಷ ಏನನ್ನೂ ಬರೆಯುವಂತಿಲ್ಲ. ನಿಮ್ಮ ಹೆಜ್ಜೆಗೆ ಬೆದರಿದ ಹಕ್ಕಿ ಮತ್ತೆ ಮಾತಿಗೆ ತೊಡಗಲು ಅಷ್ಟು ಹೊತ್ತು ಬೇಕು. ಆಮೇಲೆ ದೂರದ ದನಿಯಿಂದ ಶುರು ಮಾಡಿ ಹತ್ತಿರಕ್ಕೆ ಬರಬೇಕು. ಹತ್ತಿರದ ಕೋಗಿಲೆಯನ್ನು ಯಾರು ಬೇಕಾದರೂ ಕೇಳುತ್ತಾರೆ. ಅದರ ಹಿಂದೆ, ಮೂರು ಮನೆ ಆಚೆ, ಕುಕ್ಕರಿನ ಸೀಟಿ ಮುಗಿದ ಮೇಲೆ ಉಳಿಯುವ ಸಣ್ಣ ದನಿಯನ್ನು ಕೇಳುವವರಿಗೆ ಮಾತ್ರ ಈ ಕೆಲಸ. ಒಂದು ಮಾತನ್ನು ಅವರು ನೂರು ಸಲ ಹೇಳಿರಬೇಕು: "ಕೇಳಿದ್ದನ್ನ ಬರೀರಿ. ಗೊತ್ತಿರೋದನ್ನ ಬರೀಬೇಡಿ."

ಮೊದಲ ಚಳಿಗಾಲದಲ್ಲೇ ಎಡವಟ್ಟು ಮಾಡಿದೆ. ದಂಡು ಸ್ಟೇಷನ್ನಿನ ಹಿಂದಿನ ಹಳೇ ಬಂಗಲೆಗಳ ರಸ್ತೆಯಲ್ಲಿ ಮೂರು ದಿನ ಒಂದೇ ಮರದಿಂದ ಡೇಗೆ ಕೂಗಿತು. ಡೇಗೆ ಬೇಟೆ ಹಕ್ಕಿ; ಅದು ಕೂಗಿದರೆ ಸುತ್ತಲಿನ ಸಣ್ಣ ಹಕ್ಕಿಗಳು ಬಾಯಿ ಮುಚ್ಚುತ್ತವೆ. ಇಲ್ಲಿ ಯಾವುದೂ ಮುಚ್ಚಿರಲಿಲ್ಲ. ಅದನ್ನು ನಾನು ಗಮನಿಸಬೇಕಿತ್ತು. ಗಮನಿಸಲಿಲ್ಲ, ಡೇಗೆ ಗೂಡು ಕಟ್ಟಿದೆ ಎಂದು ಖುಷಿಯಿಂದ ವರದಿ ಮಾಡಿದೆ. ನಾಲ್ಕನೇ ದಿನ ಮೇಡಂ ಬಂದರು. ನನ್ನ ಗಲ್ಲ ಹಿಡಿದು ಮೇಲಕ್ಕೆತ್ತಿ, "ಇವತ್ತೊಂದು ದಿನ ಕಣ್ಣು ಬಿಡಿ" ಎಂದರು. ಕೊಂಬೆಯ ತುದಿಯಲ್ಲಿ ಕಾಜಾಣ ಕೂತಿತ್ತು. ಡೇಗೆಯ ಹಾಗೆ ಎರಡು ಸಲ ಕೂಗಿತು, ಬೆಕ್ಕಿನ ಹಾಗೆ ಒಂದು ಸಲ ಮಿಯಾಂವ್ ಅಂದಿತು, ಆಮೇಲೆ ತನ್ನದೇ ದನಿಯಲ್ಲಿ ನಮ್ಮನ್ನು ಬೈದು ಹಾರಿಹೋಯಿತು.

"ಬೆಕ್ಕನ್ನೂ ಬರ್ಕೊಳ್ಳಿ, ಮರದ ಮೇಲೆ ಮರಿ ಹಾಕಿರ್ಬಹುದು" ಎಂದರು ಮೇಡಂ. ಹಾಳೆಯನ್ನು ಹರಿಯಲು ಹೋದೆ, ಕೈ ಹಿಡಿದರು. ಹರಿಯಬಾರದು, ಅಳಿಸಲೂಬಾರದು, ತಪ್ಪಿನ ಪಕ್ಕದಲ್ಲೇ ಸರಿಯನ್ನು ಬರೆದು ಸಹಿ ಹಾಕಬೇಕು. ಆ ಹಾಳೆ ಈಗಲೂ ಕಚೇರಿಯಲ್ಲಿದೆ. ಹೊಸಬರಿಗೆ ಅದನ್ನು ತೋರಿಸಿ ನಗುತ್ತಾರೆ. ನಗಲಿ.

ಊರಂಚಿನ ಹೊರಮಾವಿನ ಕಥೆಯನ್ನೂ ಹೇಳಬೇಕು, ಜಾಗ ಬಿಡಬಾರದು ಎನ್ನುವುದಕ್ಕೆ. ಅಲ್ಲಿ ನಾವು ನಿಲ್ಲುವ ಜಾಗ ಒಂದು ದ್ರಾಕ್ಷಿ ತೋಟದ ಮೂಲೆಯಲ್ಲಿತ್ತು. ತೋಟ ಸೈಟುಗಳಾಯಿತು, ಸೈಟುಗಳು ಸೇರಿ ಅಪಾರ್ಟ್‌ಮೆಂಟಾಯಿತು. ಜಾಗ ಬದಲಾಯಿಸಿದರೆ ಹಿಂದಿನ ವರ್ಷಗಳ ಜೊತೆ ಹೋಲಿಸಲು ಬರುವುದಿಲ್ಲ; ನಿಂತಲ್ಲೇ ನಿಲ್ಲಬೇಕು. ಅಳೆದು ನೋಡಿದರೆ ಆ ಮೂಲೆ ಈಗ ಅತಿಥಿಗಳ ಪಾರ್ಕಿಂಗಿನ ಒಂದು ಕಂಬದ ಪಕ್ಕ.

ಗೇಟಿನ ಸೆಕ್ಯೂರಿಟಿಯವನು ತಡೆದ. "ಯಾವ ಫ್ಲ್ಯಾಟ್ ಸಾರ್?"

"ಯಾವ ಫ್ಲ್ಯಾಟೂ ಇಲ್ಲಪ್ಪಾ. ಆ ಕಂಬದ ಹತ್ರ ಹತ್ತು ನಿಮಿಷ ನಿಲ್ಬೇಕು."

"ಗಾಡಿ ಎಲ್ಲಿ?"

"ಹೊರಗಿದೆ. ನಾನು ಮಾತ್ರ ನಿಲ್ತೀನಿ."

"ಗಾಡಿ ಇಲ್ದೆ ಪಾರ್ಕಿಂಗಲ್ಲಿ ನಿಂತ್ಕೊಂಡು ಏನ್ ಮಾಡ್ತೀರಾ?"

"ಕೇಳ್ತೀನಿ."

"ಯಾರನ್ನ? ಇಲ್ಲಿ ಯಾರೂ ಇನ್ನೂ ಎದ್ದೇ ಇಲ್ಲ."

ಕೊನೆಗೆ ಪುಸ್ತಕ ಮುಂದೆ ತಳ್ಳಿದ. 'ಯಾರನ್ನು ಕಾಣಬೇಕು' ಎನ್ನುವ ಕಡೆ ಹಕ್ಕಿ ಎಂದು ಬರೆದು ಸಹಿ ಮಾಡಿದೆ. ಮುಂದಿನ ವರ್ಷದಿಂದ ಅವನೇ ಗೇಟು ತೆರೆದು, "ಬನ್ನಿ ಸಾರ್, ನಿಮ್ಮೋರು ಐದೂವರೆಯಿಂದ ಮಾತಾಡ್ತಿದ್ದಾರೆ" ಎನ್ನತೊಡಗಿದ. ದ್ರಾಕ್ಷಿ ತೋಟದ ಹಕ್ಕಿಗಳಲ್ಲಿ ಅರ್ಧಕ್ಕರ್ಧ ಇಲ್ಲ. ಆದರೆ ಸಂಪಿಗೆ ಗಿಡ ನೆಟ್ಟ ಮೇಲೆ ಎರಡು ಹೊಸವು ಬಂದವು. ನಿಂತಲ್ಲೇ ನಿಂತದ್ದರಿಂದ ಇಷ್ಟು ಗೊತ್ತಾಯಿತು.

ಕಾಲ ಬದಲಾಯಿತು. ಕ್ಯಾಸೆಟ್ಟು ಹೋಗಿ ಅಂಗೈಯಷ್ಟು ಯಂತ್ರ ಬಂತು. ಆಮೇಲೆ ದನಿಯನ್ನು ಚಿತ್ರ ಮಾಡಿ ಪರದೆಯ ಮೇಲೆ ತೋರಿಸುವ ಕಂಪ್ಯೂಟರು. ದಪ್ಪ ದನಿ ಕೆಳಗೆ, ಸಣ್ಣ ದನಿ ಮೇಲೆ, ಇರುವೆ ಸಾಲಿನ ಹಾಗೆ ಚುಕ್ಕಿಗಳು. ಕೊನೆಗೆ ಹಕ್ಕಿಯ ಹೆಸರನ್ನೂ ತಾನೇ ಹೇಳುವ ತಂತ್ರಾಂಶ. ನನ್ನ ಬಳಿ ಕೆಲಸ ಕಲಿತು, ಮೇಡಂ ನಿವೃತ್ತರಾದ ಮೇಲೆ ಕಚೇರಿಯ ಮುಖ್ಯಸ್ಥೆಯಾದ ಶಾಲಿನಿ ಇದನ್ನೆಲ್ಲ ತಂದಳು. ಮೊದಮೊದಲು ಯಂತ್ರ ಬಹಳ ತಪ್ಪು ಮಾಡುತ್ತಿತ್ತು. ಕೆ.ಆರ್. ಪುರದ ಸೇತುವೆ ಕೆಳಗೆ ಗೂಬೆ ಇದೆ ಎಂದು ಬರೆಯಿತು. ನಾನು ಕೇಳಿ, ಅದು ಎಳನೀರು ಮಾರುವವನ ಸೈಕಲ್ ಬ್ರೇಕು ಎಂದು ಹೇಳಿದೆ. ಹೋಗಿ ನೋಡಿ ಬಂದರು. ಬ್ರೇಕೇ. ಅಂದಿನಿಂದ ಯಂತ್ರ ಒಂದು ಹೇಳಿ ನಾನು ಇನ್ನೊಂದು ಹೇಳಿದರೆ ಕಚೇರಿಯಲ್ಲಿ ನನ್ನ ಮಾತೇ ಗೆಲ್ಲುತ್ತಿತ್ತು. ನನಗೆ ಅದು ಹಿತವಾಗಿತ್ತು. ಸುಳ್ಳೇಕೆ, ಬಹಳ ಹಿತವಾಗಿತ್ತು.

ಇನ್ನು ಬದನಿಕೆ ಹಕ್ಕಿಯ ವಿಷಯ. ಹೆಬ್ಬೆರಳಿನಷ್ಟು ದೊಡ್ಡದು, ಬೂದಿ ಬಣ್ಣ. ಮರದ ಮೇಲೆ ಹಬ್ಬುವ ಬದನಿಕೆಯ ಹಣ್ಣು ತಿನ್ನುವುದರಿಂದ ಆ ಹೆಸರು. ನಮ್ಮ ಪೂರ್ವ ಬೆಂಗಳೂರಿನ ಬೀದಿಗಳಲ್ಲಿ ಗಸಗಸೆ ಹಣ್ಣಿನ ಮರ ಇದ್ದಲ್ಲೆಲ್ಲ ಅದು ಇರುತ್ತದೆ. ಕಾಣುವುದೇ ಇಲ್ಲ, ಚಿಕ್ ಚಿಕ್ ಚಿಕ್ ಎನ್ನುವ, ಸೂಜಿಯಿಂದ ಚುಚ್ಚಿದಂತಹ ದನಿಯಿಂದಲೇ ಗುರುತು. ಕೊನೆಯ ಕೆಲವು ವರ್ಷಗಳಲ್ಲಿ ನನ್ನ ಹಾಳೆಗಳಲ್ಲಿ ಅದು ಕಡಿಮೆಯಾಗುತ್ತ ಬಂತು. ಹಲಸೂರು ಕೆರೆ, ಇಂದಿರಾನಗರದ ಅಡ್ಡರಸ್ತೆಗಳು, ಎಲ್ಲ ಕಡೆಯೂ. ನಾನು ವರದಿ ಬರೆದೆ: ಗಸಗಸೆ ಮರಗಳನ್ನು ಕಡಿದದ್ದರಿಂದ ಬದನಿಕೆ ಹಕ್ಕಿ ಊರು ಬಿಡುತ್ತಿದೆ. ಇಂದಿರಾನಗರದ ನಿವಾಸಿಗಳ ಸಂಘದಲ್ಲಿ ಹೋಗಿ ಭಾಷಣವನ್ನೂ ಮಾಡಿದೆ. ಅವರು ಮರುಗಿ, ಪಾರ್ಕಿನಲ್ಲಿ ಗಸಗಸೆ ಸಸಿಗಳನ್ನು ನೆಟ್ಟು, ನನಗೆ ಶಾಲು ಹೊದೆಸಿದರು.

ಅದಾದ ಎರಡು ವಾರಕ್ಕೆ ಆ ಭಾನುವಾರ ಬಂತು. ಅಕ್ಕ ಆ ಹೊತ್ತಿಗೆ ಪಾಟರಿ ಟೌನು ಬಿಟ್ಟು ಜೋಗುಪಾಳ್ಯದಲ್ಲಿ ಮಗಳ ಮನೆಯಲ್ಲಿದ್ದಳು. ಮನೆಯ ಮುಂದೆಯೇ ಹಣತೆ, ಮಡಕೆ ಇಟ್ಟುಕೊಂಡು ಮಾರುತ್ತಿದ್ದಳು; ಕೂತು ತಿನ್ನುವುದು ಅವಳಿಗೆ ಆಗದು. ಅಂಗಡಿಯ ಮೇಲೆ ಗಸಗಸೆ ಮರದ ನೆರಳು. ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಾ ಶಾಲಿನ ವಿಷಯ ಹೇಳಿದೆ.

"ಯಾವ ಹಕ್ಕಿ ಹೋಯ್ತು ಅಂದೆ?" ಎಂದಳು ಅಕ್ಕ.

"ಬದನಿಕೆ ಹಕ್ಕಿ. ಇಷ್ಟುದ್ದ ಇರುತ್ತೆ. ಚಿಕ್ ಚಿಕ್ ಅನ್ನುತ್ತೆ. ಇನ್ ನಮ್ಮ ಕಡೆ ಅದು ಇಲ್ಲ ಅಂತ್ಲೇ ಇಟ್ಕೋ."

ಅಕ್ಕ ಕೈಯಲ್ಲಿದ್ದ ಹಣತೆ ಕೆಳಗಿಟ್ಟಳು. "ಲೋ ಗೋವಿಂದ, ಆಟ ಆಡ್ತಿದ್ದೀಯಾ?"

"ಯಾಕೆ?"

"ಆಗ್ಲಿಂದ ನಿನ್ ತಲೆ ಮೇಲೇ ಬಡ್ಕೊಳ್ತಾ ಇದ್ಯಲ್ಲೋ ಅದು!"

ತಲೆ ಎತ್ತಿದೆ. ಎರಡು ಮೊಳ ಮೇಲೆ, ಎಲೆಗಳ ನಡುವೆ ಬೂದಿ ಬಣ್ಣದ ಪುಟ್ಟ ಹಕ್ಕಿ. ಕೊಕ್ಕು ತೆರೆಯಿತು, ಮುಚ್ಚಿತು, ತೆರೆಯಿತು. ಗಂಟಲು ಅದುರುತ್ತಿತ್ತು. ದನಿ ಇರಲಿಲ್ಲ. ಆಚೆ ಬೀದಿಯ ಕುಟ್ರು ಹಕ್ಕಿ ಕೇಳುತ್ತಿತ್ತು, ಹಲಸೂರಿನ ಮೆಟ್ರೋ ರೈಲು ಕೇಳುತ್ತಿತ್ತು, ಅಕ್ಕನ ಉಸಿರು ಕೇಳುತ್ತಿತ್ತು. ಇದೊಂದು ಕೇಳುತ್ತಿರಲಿಲ್ಲ.

ಪಕ್ಕದಲ್ಲಿದ್ದ ಮಡಕೆಯನ್ನು ತಟ್ಟಿದೆ. ಣಂ ಎಂದಿತು. ಇನ್ನೊಂದನ್ನು ತಟ್ಟಿದೆ. ಅದೂ ಸರಿಯಾಗಿ ಕೇಳಿತು. ಅಕ್ಕ ನನ್ನನ್ನೇ ನೋಡುತ್ತಿದ್ದವಳು ಎಲ್ಲ ತಿಳಿದುಕೊಂಡಳು. ನಾನೇ ಹೇಳಿದೆ: "ಇನ್ನೆರಡು ವರ್ಷ ಅಷ್ಟೇ ಅಕ್ಕ. ಯಾರಿಗೂ ಗೊತ್ತಾಗಲ್ಲ. ಈಗ ಹೇಳಿದ್ರೆ ಬರ್ದಿದ್ದೆಲ್ಲಾನೂ ಸುಳ್ಳು ಅಂತಾರೆ, ಒಳ್ಳೇದೂ ಸೇರಿ."

"ಹೂಂ. ಹಂಗಾದ್ರೆ ಗೀಟು ಎಳೀದೆ ನೀರಿನ್ ಸಾಲಿಗೆ ಸೇರಿಸ್ಬಿಡು" ಎಂದಳು. ಅಷ್ಟು ಹೇಳಿ ಗಿರಾಕಿಯ ಕಡೆ ತಿರುಗಿದಳು. ಅರವತ್ತು ದಾಟಿದ ಅಕ್ಕ ಐವತ್ತೆಂಟರ ತಮ್ಮನ ಕಿವಿ ಹಿಂಡುವುದು ಹೀಗೆ.

ಮಾರನೇ ದಿನ ಕಿವಿ ಪರೀಕ್ಷೆಗೆ ಹೋದೆ. ಗಾಜಿನ ಗೂಡಿನೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ದನಿ ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಒತ್ತಿದೆ, ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಮುಗಿಯಿತೇನೋ ಎಂದು ತಲೆ ಎತ್ತಿದರೆ, ಗಾಜಿನಾಚೆ ಪರೀಕ್ಷೆ ಮಾಡುವ ಹೆಣ್ಣುಮಗಳ ಬೆರಳು ಯಂತ್ರದ ಮೇಲೆ ಇನ್ನೂ ಆಡುತ್ತಲೇ ಇತ್ತು. ಕೊಕ್ಕು ನೆನಪಾಯಿತು. ಕೊಟ್ಟ ಕಾಗದದಲ್ಲಿ ಗೆರೆ ಎಡಗಡೆ ನೆಟ್ಟಗೆ ಬಂದು ಬಲಗಡೆಗೆ, ಸಣ್ಣ ದನಿಗಳ ಕಡೆಗೆ, ಬರುತ್ತಲೇ ಕುಸಿದಿತ್ತು. ವಯಸ್ಸಾದಂತೆ ಬಹಳ ಜನರಿಗೆ ಮೇಲಿನ ದನಿ ಮೊದಲು ಹೋಗುತ್ತದಂತೆ, ಕೆಲವರಿಗೆ ತಿಳಿಯದಷ್ಟು ನಿಧಾನವಾಗಿ. ನಾನು ಹೆಡ್‌ಫೋನಿನಲ್ಲಿ ರೆಕಾರ್ಡಿಂಗುಗಳನ್ನು ಜೋರಾಗಿ ಇಟ್ಟುಕೊಂಡು ಕೇಳಿದ ವರ್ಷಗಳೂ ಸೇರಿಕೊಂಡಿರಬಹುದು ಎಂದರು.

ಆ ಕಾಗದವನ್ನು ಶಾಲಿನಿಯ ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವಳು ಹೇಳಿದ್ದು, ಕಿವಿ ಹೋದದ್ದಕ್ಕಿಂತ ಹೆಚ್ಚು ನೋಯಿಸಿತು.

"ಸಾರ್, ಮೆಷಿನ್ ಪ್ರತಿ ವರ್ಷ ಬದನಿಕೆ ಹಕ್ಕಿ ಇದೆ ಅಂತಾನೇ ತೋರಿಸ್ತಿತ್ತು. ನಿಮ್ಮ ಹಾಳೇಲಿ ಇರ್ಲಿಲ್ಲ. ಅದಕ್ಕೆ ಮೆಷಿನ್‌ದೇ ತಪ್ಪು ಅಂತ ಅದನ್ನ ತೆಗೆದುಹಾಕ್ದೆ."

"ನನ್ನನ್ನ ಒಂದ್ ಮಾತು ಕೇಳ್ಬಹುದಿತ್ತಲ್ಲಮ್ಮಾ?"

"ಹೆಂಗ್ ಸಾರ್ ಕೇಳ್ಲಿ? ಬ್ರೇಕು, ಗೂಬೆ ವ್ಯತ್ಯಾಸ ಹೇಳಿದವ್ರಿಗೆ ನಿಮ್ ಕಿವಿ ಸರಿ ಇದ್ಯಾ ಅಂತ ಕೇಳೋಕಾಗುತ್ತಾ?"

ಹೊಸಬರೇ, ಇಡೀ ಬರಹದಲ್ಲಿ ಬೇರೆಯದನ್ನು ಮರೆತರೂ ಇದನ್ನು ಮರೆಯಬೇಡಿ. ಕೇಳಿ. ಎದುರಿಗಿರುವವರು ಎಷ್ಟು ದೊಡ್ಡ ಕಿವಿಯವರಾದರೂ ಕೇಳಿ. ನಾನು ಮೂವತ್ತು ವರ್ಷ ಹಕ್ಕಿಗಳಿಗೆ ಕಿವಿ ಕೊಟ್ಟೆ. ಆದರೆ ನನ್ನ ಮಾತು ತಪ್ಪು ಎಂದು ಯಾರಾದರೂ ಹೇಳಬಹುದಾದ ಜಾಗವನ್ನು ಕಚೇರಿಯಲ್ಲಿ ಉಳಿಸಿರಲಿಲ್ಲ.

ಈಗ ರಿಪೇರಿ. ಇಲ್ಲಿ ಮೇಡಂ ಕಟ್ಟಪ್ಪಣೆ ಕೈ ಹಿಡಿಯಿತು: ಪ್ರತಿ ಹಾಳೆಗೂ ಅದೇ ಹತ್ತು ನಿಮಿಷದ ರೆಕಾರ್ಡಿಂಗು ಇತ್ತು. ಶಾಲಿನಿ ಮತ್ತು ನಾನು ಕಪಾಟು ತೆಗೆದು, ಹಲಸೂರು ಕೆರೆಯ ಮೊದಲ ವರ್ಷದಿಂದ ಶುರು ಮಾಡಿದೆವು. ದನಿಯ ಚಿತ್ರದಲ್ಲಿ ಮೇಲ್ಗಡೆ ಚಿಕ್ ಚಿಕ್ ಚುಕ್ಕಿಗಳನ್ನು ಅವಳು ಹುಡುಕಿ ಕೇಳುವುದು, ನನ್ನ ಹಾಳೆಯಲ್ಲಿ ಏನಿದೆ ಎಂದು ನಾನು ಓದುವುದು. ಮಳೆಗಾಲ ಪೂರ್ತಿ ಹಿಡಿಯಿತು. ಹಾಳೆಯೂ ಚಿತ್ರವೂ ಎತ್ತಿನ ಜೋಡಿಯ ಹಾಗೆ ಜೊತೆಜೊತೆಯಾಗಿ ನಡೆದುಕೊಂಡು ಬಂದವು. ಎಷ್ಟೋ ವರ್ಷ ಒಂದೂ ತಪ್ಪಿಲ್ಲ. ನಾನು ಒಳಗೊಳಗೇ ಉಬ್ಬಿದೆ. ಕೊನೆಯ ಆರು ವರ್ಷಕ್ಕೆ ಬಂದಾಗ ನನ್ನ ಹಾಳೆ ಹಿಂದೆ ಬೀಳತೊಡಗಿತು. ಮೊದಲು ಒಂದು ಜಾಗ, ಆಮೇಲೆ ಎರಡು, ಕೊನೆಯ ವರ್ಷ ಎಲ್ಲವೂ. ಹಕ್ಕಿ ಮಾತ್ರ ಅಷ್ಟೂ ವರ್ಷ ಅಲ್ಲೇ ಕೂಗುತ್ತಿತ್ತು. ಉಳಿದ ಹಕ್ಕಿಗಳನ್ನೂ ಪರೀಕ್ಷಿಸಿದೆವು. ಅಷ್ಟು ಮೇಲಿನ ದನಿಯ ಒಂದೆರಡನ್ನು ಬಿಟ್ಟರೆ ಮಿಕ್ಕವೆಲ್ಲ ಕೊನೆಯ ದಿನದವರೆಗೂ ಸರಿಯಾಗಿದ್ದವು. ಆ ಆರು ವರ್ಷದ ಪ್ರತಿ ಹಾಳೆಯಲ್ಲೂ, ಹರಿಯದೆ, ಅಳಿಸದೆ, ಪಕ್ಕದಲ್ಲಿ ತಿದ್ದುಪಡಿ ಬರೆದು ಸಹಿ ಹಾಕಿದೆ.

ನಿವಾಸಿಗಳ ಸಂಘಕ್ಕೂ ಹೋದೆ. ಶಾಲನ್ನು ಮಡಿಸಿ ಕೈಯಲ್ಲಿ ಹಿಡಿದು, ಹಕ್ಕಿ ಎಲ್ಲೂ ಹೋಗಿಲ್ಲ, ಹೋದದ್ದು ನನ್ನ ಕಿವಿ ಎಂದೆ. ಹಿಂದಿನ ಸಾಲಿನ ಒಬ್ಬ ಹಿರಿಯರು ಎದ್ದು, "ಹಾಗಾದ್ರೆ ಗಸಗಸೆ ಸಸಿ ಕಿತ್ತಾಕ್ಬೇಕಾ ರೀ?" ಎಂದರು.

"ಬೇಡ ಸಾರ್. ಹಕ್ಕಿಗೆ ಅದು ಬೇಕು."

"ಶಾಲು?"

"ಅದನ್ನ ನೀವು ಇಟ್ಕೊಳ್ಳಿ."

"ಅಯ್ಯೋ, ಹೊದ್ಕೊಳ್ರೀ. ನಂಗೂ ಕಿವಿ ಕೇಳ್ಸಲ್ಲ, ನಂಗ್ಯಾರೂ ಶಾಲು ಹೊದ್ಸಿಲ್ಲ!" ಎಂದರು. ಸಭೆ ನಕ್ಕಿತು. ಶಾಲು ನನ್ನ ಬಳಿಯೇ ಇದೆ.

ಅಂದಿನಿಂದ ನಮ್ಮ ಕಚೇರಿಯಲ್ಲಿ ಒಂದು ಪದ್ಧತಿ. ಹಕ್ಕಿ ಎಣಿಸುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸಿ, ಆ ಗೆರೆಯ ಕಾಗದವನ್ನು ತಮ್ಮ ಹಾಳೆಗ‌ಳ ಕಟ್ಟಿಗೆ ಮೇಲೆಯೇ ಲಗತ್ತಿಸಬೇಕು. ಇಪ್ಪತ್ತೆರಡರ ಹುಡುಗಿಯೂ ಸರಿ, ಮುಖ್ಯಸ್ಥೆಯೂ ಸರಿ. ಮೊದಲ ಕಾಗದ ನನ್ನದು. ಕಚೇರಿಯವರು ಅದನ್ನು ಏನೋ ಉದ್ದದ ಹೆಸರಿನಿಂದ ಕರೆಯುತ್ತಾರೆ. ನಾನು ಸುಣ್ಣದ ಗೀಟು ಎನ್ನುತ್ತೇನೆ. ಕೊನೆಯ ಎರಡು ವರ್ಷವೂ ನಾನು ಬೆಳಿಗ್ಗೆ ಹೋಗಿ ನಿಂತೆ. ಮೇಲಿನ ದನಿ ಯಂತ್ರಕ್ಕೆ, ಉಳಿದದ್ದೆಲ್ಲ ನನಗೆ. ಕುಟ್ರು, ಪಿಕಳಾರ, ಮಡಿವಾಳ ಹಕ್ಕಿ, ಕಾಜಾಣದ ಕಳ್ಳ ದನಿಗಳು, ಇವುಗಳಲ್ಲಿ ನನ್ನನ್ನು ಮೀರಿಸುವ ಯಂತ್ರ ನಾನಿರುವವರೆಗೆ ಬರಲಿಲ್ಲ. ಇದನ್ನು ಜಂಬ ಎಂದುಕೊಂಡರೂ ಅಡ್ಡಿಯಿಲ್ಲ. ಹಾಳೆಗಳಿವೆ, ರೆಕಾರ್ಡಿಂಗೂ ಇದೆ, ಹೋಲಿಸಿ ನೋಡಿ.

ಬೀಳ್ಕೊಡುಗೆಯ ದಿನ ಅದೇ ಮಹಡಿಯ ಕೋಣೆ, ಇಪ್ಪತ್ತು ಕುರ್ಚಿ. ಅಕ್ಕ ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟು ಕೂತಿದ್ದಳು. ಸುಲೋಚನಾ ಮೇಡಂ ಕೋಲೂರಿಕೊಂಡು ಬಂದಿದ್ದರು; ಅವರ ಕಿವಿಯಲ್ಲೂ ಈಗ ಪುಟ್ಟ ಯಂತ್ರ. ಶಾಲಿನಿ ಚೌಕಟ್ಟು ಹಾಕಿಸಿದ ಒಂದು ಪ್ರಮಾಣಪತ್ರವನ್ನು ಅವರ ಕೈಯಿಂದಲೇ ಕೊಡಿಸಿದಳು. ಅದರಲ್ಲಿ ಪ್ರಾಮಾಣಿಕ, ಕರ್ತವ್ಯನಿಷ್ಠ ಇತ್ಯಾದಿ ಏನೂ ಇರಲಿಲ್ಲ. ನಾನೇ ಹಾಗೆ ಕೇಳಿಕೊಂಡಿದ್ದೆ.

ಮೇಡಂ ಕೊಡುವಾಗ ಕೈ ಬಿಡದೆ, "ಬಿ.ಎ. ಅಂತ ನಾನು ಏನೋ ಅಂದಿದ್ದೆ ಅಲ್ವಾ?" ಎಂದರು.

"ಹೌದು ಮೇಡಂ. ಆಗಲ್ಲ ಅಂದಿದ್ರಿ."

"ತಪ್ಪಿನ ಪಕ್ಕದಲ್ಲಿ ಸರಿ ಬರೆದು ಸಹಿ ಹಾಕ್ಬೇಕು ಅಂತ ನಾನೇ ಹೇಳ್ಕೊಟ್ಟಿದ್ದು. ನೋಡಿ, ಹಾಕಿದ್ದೀನಿ" ಎಂದು ಪತ್ರದ ಕೆಳಗಿನ ತಮ್ಮ ಸಹಿಯನ್ನು ಬೆರಳಿನಿಂದ ತೋರಿಸಿದರು.

ಅಕ್ಕನ ಪಕ್ಕದಲ್ಲಿ ಬಂದು ಕೂತೆ. ಅವಳಿಗೆ ಓದಲು ಬರುವುದಿಲ್ಲ. "ಏನ್ ಬರ್ದಿದ್ದಾರೆ, ಓದು" ಎಂದಳು. ಓದಿದೆ: ಗೋವಿಂದರಾಜು ಅವರ ಕೊನೆಯ ಎಂಟು ವರ್ಷಗಳಿಗಿಂತ ಹಿಂದಿನ ಹಾಳೆಗಳನ್ನು ಎಲ್ಲ ಹಕ್ಕಿಗಳ ವಿಷಯದಲ್ಲೂ ನಂಬಬಹುದು. ಕೊನೆಯ ಎಂಟು ವರ್ಷದವನ್ನು, ಬದನಿಕೆ ಹಕ್ಕಿಯಂತಹ ತೀರಾ ಮೇಲಿನ ದನಿಯವನ್ನು ಬಿಟ್ಟು, ಉಳಿದೆಲ್ಲ ಹಕ್ಕಿಗಳ ವಿಷಯದಲ್ಲಿ ನಂಬಬಹುದು. ಈ ಮಿತಿಯನ್ನು ತಿಳಿಸಿದವರು ಅವರೇ.

ಅಕ್ಕ ಪತ್ರವನ್ನು ಕೈಗೆ ತೆಗೆದುಕೊಂಡು ಅದರ ಚೌಕಟ್ಟನ್ನು ಬೆರಳ ಗಣ್ಣಿನಿಂದ ಒಮ್ಮೆ ತಟ್ಟಿ ನೋಡಿದಳು. ಆಮೇಲೆ ನನ್ನ ತೊಡೆಯ ಮೇಲಿಟ್ಟಳು.

"ಕಿವಿಗೂ ಸಂಬಳ ಕೊಟ್ರು, ಕಿವುಡಿಗೂ ಸರ್ಟಿಫಿಕೇಟ್ ಕೊಟ್ರು. ಇನ್ನೇನೋ ಬೇಕು ನಿಂಗೆ? ನಡಿ, ಅಂಗಡಿ ತೆಗೀಬೇಕು."